ಯಾರಿಗೆ ಯಾವ ಪುಸ್ತಕ? ಗ್ರಂಥಾಲಯದ ಕೌಂಟರಿನಿಂದ ಒಂದು ಹೋಲಿಕೆ

"ಮೇಡಂ, ಒಂದು ಒಳ್ಳೆ ಪುಸ್ತಕ ಕೊಡಿ."

ದಿನಕ್ಕೆ ನಾಲ್ಕು ಸಲವಾದರೂ ಈ ಮಾತು ಕೇಳುತ್ತೇನೆ. ಬೇಸಿಗೆ ರಜೆ ಬಂದರೆ ಇನ್ನೂ ಜಾಸ್ತಿ. ಕೇಳುವವರ ಕೈಯಲ್ಲಿ ಆಗಲೇ ಎರಡು ಮೂರು ಪುಸ್ತಕ ಇರುತ್ತವೆ. ಯಾವುದನ್ನು ಒಯ್ಯಲಿ, ಯಾವುದನ್ನು ಕಪಾಟಿನಲ್ಲೇ ಬಿಡಲಿ ಅನ್ನುವುದೇ ಅವರ ತೊಳಲಾಟ. ಒಂದು ಮಗುವಿಗೆ, ಒಂದು ಮಗುವಿನ ಅಜ್ಜನಿಗೆ, ಒಂದು ತನಗೆ ಅಂತ ಮೂರು ಬಗೆಯ ಓದಿಗೆ ಒಟ್ಟಿಗೇ ಹುಡುಕುವವರೂ ಇದ್ದಾರೆ.

ನಾನು ಮಲೆನಾಡಿನ ಒಂದು ತಾಲೂಕು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಠಸ್ಸೆ ಹೊಡೆಯುವುದು, ರಿಜಿಸ್ಟರಿನಲ್ಲಿ ಬರೆಯುವುದು, ವಾಪಸ್ ಬಂದ ಪುಸ್ತಕವನ್ನು ಅದರ ಜಾಗಕ್ಕೆ ಸೇರಿಸುವುದು ನನ್ನ ಕೆಲಸ. ಆದರೆ ಪುಸ್ತಕ ಕೊಡುವುದಕ್ಕಿಂತ ವಾಪಸ್ ತೆಗೆದುಕೊಳ್ಳುವಾಗ ಕಲಿತದ್ದು ಹೆಚ್ಚು. ಯಾವ ಪುಸ್ತಕದ ಮೂಲೆ ಮಡಚಿ ಬರುತ್ತದೆ, ಯಾವುದು ಎರಡೇ ದಿನಕ್ಕೆ ಬರುತ್ತದೆ, ಯಾವುದನ್ನು "ಇನ್ನೊಂದು ವಾರ ಇಟ್ಟುಕೊಳ್ಳಲಾ?" ಅಂತ ಕೇಳುತ್ತಾರೆ, ಇದೆಲ್ಲ ನೋಡಿ ನೋಡಿ ಒಂದು ಅಂದಾಜು ಹುಟ್ಟಿದೆ. ಅದನ್ನು ಇಲ್ಲಿ ಬರೆದಿದ್ದೇನೆ.

ಕೊಡುವ ಮೊದಲು ನಾನು ಕೇಳುವುದು

ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಸಮಯ ಉಳಿಯಬೇಕು ಅನ್ನುವುದು ಅದರಲ್ಲಿ ಮೂರು. ಶ್ರೇಷ್ಠ ಪುಸ್ತಕ ಯಾವುದು ಅನ್ನುವ ಮಾತು ಆ ಐದರಲ್ಲಿ ಎಲ್ಲೂ ಇಲ್ಲ. ಹಾಗಾಗಿ ನಾನೂ ಪುಸ್ತಕದಿಂದ ಶುರು ಮಾಡುವುದಿಲ್ಲ. ಓದುವವರಿಂದ ಶುರು ಮಾಡುತ್ತೇನೆ.

ಮೊದಲನೆಯದು, ಒಬ್ಬರೇ ಓದುತ್ತಾರೋ, ಯಾರಾದರೂ ಓದಿ ಹೇಳುತ್ತಾರೋ? ಮಕ್ಕಳ ಮಟ್ಟಿಗೆ ವಯಸ್ಸಿಗಿಂತ ಇದು ಮುಖ್ಯ. ಓದಿ ಹೇಳುವವರಿದ್ದರೆ ಮಗುವಿನ ಮಟ್ಟಕ್ಕಿಂತ ಎರಡು ಮೆಟ್ಟಿಲು ಮೇಲಿನ ಪುಸ್ತಕವನ್ನೂ ಧೈರ್ಯವಾಗಿ ಕೊಡಬಹುದು.

ಎರಡನೆಯದು, ಒಂದು ಸಲ ಕೂತರೆ ಎಷ್ಟು ಹೊತ್ತು ಸಿಗುತ್ತದೆ? ದಿನಕ್ಕೆ ಒಟ್ಟು ಎಷ್ಟು ಗಂಟೆ ಅಂತಲ್ಲ. ಬಸ್ಸಿನಲ್ಲಿ ಇಪ್ಪತ್ತು ನಿಮಿಷ ಸಿಗುವವರಿಗೂ ರಾತ್ರಿ ಎರಡು ಗಂಟೆ ಸಿಗುವವರಿಗೂ ಒಂದೇ ಪುಸ್ತಕ ಸರಿ ಹೋಗುವುದಿಲ್ಲ.

ಮೂರನೆಯದು ತುಂಬಾ ಜನ ಯೋಚಿಸದೇ ಇರುವ ಸಂಗತಿ. ನಿಮ್ಮ ಕಿವಿಗೆ ಯಾವ ಕನ್ನಡ ಒಗ್ಗಿದೆ? ಕನ್ನಡದ ಒಳ್ಳೊಳ್ಳೆಯ ಪುಸ್ತಕಗಳಲ್ಲಿ ಎಷ್ಟೋ ಪುಸ್ತಕಗಳು ಒಂದೊಂದು ಸೀಮೆಯ ಮಾತಿನಲ್ಲಿವೆ. ದೇವನೂರ ಮಹಾದೇವರ 'ಕುಸುಮಬಾಲೆ' ಪುಟದ ಲೆಕ್ಕದಲ್ಲಿ ಚಿಕ್ಕದು. ಒಂದು ಸಲ ದಪ್ಪ ಪುಸ್ತಕ ಬೇಡ ಅಂದ ಹುಡುಗನಿಗೆ ಅದನ್ನೇ ಕೊಟ್ಟೆ. ಮೂರನೇ ದಿನ ತಂದಿಟ್ಟು, "ಮೇಡಂ, ನಂಗೆ ಕನ್ನಡ ಬರಲ್ಲ ಅನ್ಸುತ್ತೆ" ಅಂದ. ನನಗೆ ಬಹಳ ಬೇಜಾರಾಯಿತು. ಅವನ ಕನ್ನಡ ಚೆನ್ನಾಗೇ ಇತ್ತು. ನಂಜನಗೂಡು, ಚಾಮರಾಜನಗರದ ಕಡೆಯ ಆಡುಮಾತು ಅವನ ಕಿವಿಗೆ ಹೊಸದಾಗಿತ್ತು, ಅಷ್ಟೇ. ಅದೇ ಪುಸ್ತಕವನ್ನು ಆ ಕಡೆಯಿಂದ ಇಲ್ಲಿಗೆ ವರ್ಗವಾಗಿ ಬಂದ ಒಬ್ಬ ಶಿಕ್ಷಕಿ ಒಯ್ದು, ಜೋರಾಗಿ ಓದಿಕೊಂಡೆ, ನಮ್ಮಜ್ಜಿ ಮಾತಾಡಿದ ಹಾಗಿತ್ತು ಅಂದರು. ಪುಟ ಎಣಿಸಿ ಪುಸ್ತಕ ಕೊಡಬಾರದು ಅಂತ ಅವತ್ತು ತಿಳಿಯಿತು.

ನಾಲ್ಕನೆಯದು, ಹಿಂದೆ ಯಾವುದು ಹಿಡಿಸಿತ್ತು? ಪುಸ್ತಕದ ಹೆಸರೇ ಬೇಕೆಂದಿಲ್ಲ. ನೋಡಿದ ಸಿನಿಮಾ ಹೇಳಿದರೂ ಸಾಕು, ದಾರಿ ಸಿಗುತ್ತದೆ. ಐದನೆಯದು ದುಡ್ಡಿನ ವಿಷಯ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಇನ್ನೂ ಓದಲು ಬಾರದ ಮಕ್ಕಳಿಗೆ

ಇಲ್ಲಿ ಸಾಮಾನ್ಯವಾಗಿ ಮೂರು ಆಯ್ಕೆ. ಹಾಡಿನ ಪುಸ್ತಕ, ಚಿತ್ರದ ಪುಸ್ತಕ, ಓದಿ ಹೇಳುವ ಕತೆ ಪುಸ್ತಕ.

ಹಾಡಿನ ಪುಸ್ತಕಕ್ಕೆ ನನ್ನ ಮೊದಲ ಮತ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಬರೆದ ಪದ್ಯಗಳು ಅಪ್ಪ ಅಮ್ಮಂದಿರಿಗೂ ಅರ್ಧ ಬಾಯಿಪಾಠ ಇರುತ್ತವೆ. ಹೇಳಿಕೊಡಲು ಪುಸ್ತಕ ಬಿಡಿಸುವ ಅಗತ್ಯವೂ ಬೀಳುವುದಿಲ್ಲ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಇವಕ್ಕಿಂತ ಉದ್ದ. ಮೂಲ ಇಂಗ್ಲಿಷಿನ ಕವಿ ಬ್ರೌನಿಂಗ್‌ದು. ಆದರೆ ನಮ್ಮ ತುಂಗಾ ತೀರಕ್ಕೆ ಬಂದ ಮೇಲೆ ಅದು ಪೂರ್ತಿ ಇಲ್ಲಿಯದೇ ಆಗಿದೆ. ನಾಲ್ಕು ವರ್ಷದ ಮಗುವಿಗೆ ಅರ್ಥ ಪೂರ್ತಿ ಆಗುವುದಿಲ್ಲ, ನಿಜ. ಇಲಿಗಳ ಸಾಲು ಬರುವ ಜಾಗದಲ್ಲಿ ಮಾತ್ರ ಕುಣಿಯದ ಮಗುವನ್ನು ನಾನು ಇನ್ನೂ ನೋಡಿಲ್ಲ. ಬೊಳುವಾರು ಮಹಮದ್ ಕುಂಞಿ ಸಂಪಾದಿಸಿದ 'ತಟ್ಟು ಚಪ್ಪಾಳೆ ಪುಟ್ಟ ಮಗು' ಸಿಕ್ಕರೆ ಬೇರೆ ಬೇರೆ ಕವಿಗಳ ಮಕ್ಕಳ ಪದ್ಯ ಒಂದೇ ಕಡೆ ಸಿಗುತ್ತವೆ. ಒಂದೇ ಒಂದು ಪುಸ್ತಕ ಕೊಳ್ಳುತ್ತೇವೆ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಚಿತ್ರದ ಪುಸ್ತಕದ ಲಾಭವೇ ಬೇರೆ. ಮಗು ತಾನೇ ಪುಟ ತಿರುಗಿಸುತ್ತದೆ. ದೊಡ್ಡವರಿಗೆ ಪುರುಸೊತ್ತು ಇಲ್ಲದಾಗಲೂ ಪುಸ್ತಕದ ಜೊತೆ ಇರುತ್ತದೆ. ಪ್ರಥಮ್ ಬುಕ್ಸ್‌ನವರ ಪುಸ್ತಕಗಳು ತೆಳು, ಬೆಲೆಯೂ ಕಡಿಮೆ. ಹಿಂದಿನ ರಕ್ಷಾಪುಟದಲ್ಲಿ ಓದಿನ ಹಂತ ಬರೆದಿರುತ್ತದೆ. ಒಂದರಿಂದ ನಾಲ್ಕರವರೆಗೆ. ಒಂದನೇ ಹಂತದಲ್ಲಿ ಪುಟಕ್ಕೆ ಒಂದೆರಡು ವಾಕ್ಯ, ನಾಲ್ಕನೆಯದರಲ್ಲಿ ಸಲೀಸಾಗಿ ಓದುವ ಮಗುವಿಗೆ ಸಾಕಾಗುವಷ್ಟು ಕತೆ. ಕೆಲವು ಅನುವಾದಗಳಲ್ಲಿ ವಾಕ್ಯ ಸ್ವಲ್ಪ ಬಿಗಿಯಾಗಿರುತ್ತದೆ. ಒಯ್ಯುವ ಮೊದಲು ಒಂದು ಪುಟ ಬಾಯಿಬಿಟ್ಟು ಓದಿ ನೋಡಿ. ನಿಮ್ಮ ನಾಲಿಗೆ ತಡವರಿಸಿದರೆ ಮಗುವಿನ ಕಿವಿಯೂ ತಡವರಿಸುತ್ತದೆ.

ಮೂರನೆಯದು ರಾತ್ರಿ ಮಲಗುವ ಹೊತ್ತಿನ ಓದು. ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ' ಹನ್ನೆರಡು ಸಂಪುಟ. ತಿಂಗಳಿಗೊಂದು ಸಂಪುಟ, ದಿನಕ್ಕೊಂದು ಕತೆ. ಬರೆದವರು ವೈದ್ಯೆ, ಕಾದಂಬರಿಕಾರ್ತಿ. ಕತೆಗಳು ಪುಟ್ಟವು, ಹತ್ತು ನಿಮಿಷದಲ್ಲಿ ಮುಗಿಯುತ್ತವೆ. ಇದರಲ್ಲಿ ಚಿತ್ರ ಕಡಿಮೆ. ಯಾರಾದರೂ ದಿನಾ ಓದಿ ಹೇಳಲೇಬೇಕು. ಹಾಗಾಗಿ ಅಜ್ಜ ಅಜ್ಜಿ ಇರುವ ಮನೆಗೆ ಇದು, ಇಬ್ಬರೂ ಕೆಲಸಕ್ಕೆ ಹೋಗಿ ದಣಿದು ಬರುವ ಮನೆಗೆ ಚಿತ್ರದ ಪುಸ್ತಕ ಅಂತ ನಾನು ಹೇಳುತ್ತೇನೆ. ಸಂಪುಟಗಳನ್ನು ಜನವರಿಯಿಂದಲೇ ಶುರು ಮಾಡಬೇಕೆಂದಿಲ್ಲ. ನಮ್ಮಲ್ಲಿ ಮಕ್ಕಳು ತಮ್ಮ ಹುಟ್ಟಿದ ತಿಂಗಳಿನದನ್ನೇ ಮೊದಲು ಕೇಳುತ್ತಾರೆ. ತಮ್ಮ ಹುಟ್ಟಿದ ದಿನಕ್ಕೆ ಯಾವ ಕತೆ ಬಂದಿದೆ ಅಂತ ನೋಡುವ ಆಸೆ.

ಎಂಟರಿಂದ ಹನ್ನೆರಡು

ನನಗೆ ಎಲ್ಲಕ್ಕಿಂತ ಇಷ್ಟವಾದ ವಯಸ್ಸು ಇದು. ಈ ವಯಸ್ಸಿನಲ್ಲಿ ಒಂದು ಪುಸ್ತಕ ಹಿಡಿಸಿದರೆ ಮಗು ವರ್ಷಗಟ್ಟಲೆ ಬರುತ್ತದೆ. ಒಂದು ಪುಸ್ತಕ ಬೇಸರ ತರಿಸಿದರೆ ಗ್ರಂಥಾಲಯವನ್ನೇ ಮರೆಯುತ್ತದೆ.

ಅಪ್ಪ ಅಮ್ಮ ಕೇಳುವುದು ಹೆಚ್ಚಾಗಿ ಮಹಾಪುರುಷರ ಜೀವನ ಚರಿತ್ರೆ. ಭಾರತ-ಭಾರತಿ ಸರಣಿಯ ಪುಟ್ಟ ಪುಸ್ತಕಗಳು ನಮ್ಮಲ್ಲೂ ಒಂದು ಕಪಾಟಿನ ತುಂಬ ಇವೆ. ಜೇಬಿಗೆ ಹಿಡಿಯುತ್ತವೆ, ಒಂದೇ ಸಂಜೆಗೆ ಮುಗಿಯುತ್ತವೆ. ಒಂದು ಪುಸ್ತಕ ಪೂರ್ತಿ ಮುಗಿಸಿದೆ ಅನ್ನುವ ಹೆಮ್ಮೆ ಮಗುವಿಗೆ ಬೇಗ ಸಿಗುತ್ತದೆ. ಈ ಲಾಭ ಸಣ್ಣದಲ್ಲ. ಆದರೆ ಮಹಾತ್ಮರು ಮೊದಲ ಪುಟದಿಂದಲೇ ಮಹಾತ್ಮರಾಗಿದ್ದರೆ ಮಗುವಿಗೆ ಅವರು ದೂರದವರಾಗುತ್ತಾರೆ. ಗಾಂಧಿಯ ಬಗ್ಗೆಯೇ ಬೇಕು ಅಂದರೆ ನಾನು ಬೊಳುವಾರು ಬರೆದ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ' ತೆಗೆದುಕೊಡುತ್ತೇನೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಶುರುವಾದ 2010ರಲ್ಲೇ ಕನ್ನಡಕ್ಕೆ ಬಂದದ್ದು ಈ ಪುಸ್ತಕಕ್ಕೆ. ಹೆದರುವ, ತಪ್ಪು ಮಾಡುವ ಹುಡುಗನೊಬ್ಬ ಇದರಲ್ಲಿದ್ದಾನೆ. ಮಕ್ಕಳು ಅವನ ಪಕ್ಕ ಕೂರುತ್ತಾರೆ.

ಕತೆಗಿಂತ ಹುಳು, ಹಾವು, ಹಕ್ಕಿ ಅಂದರೆ ಪ್ರಾಣ ಬಿಡುವ ಮಕ್ಕಳಿಗೆ ತೇಜಸ್ವಿಯವರ 'ಪರಿಸರದ ಕತೆ'ಗೆ ಸಮ ಇನ್ನೊಂದಿಲ್ಲ. ಕಿವಿ ಅನ್ನುವ ನಾಯಿ, ಮಾರ, ಪ್ಯಾರ ಇವರೆಲ್ಲ ಮಕ್ಕಳಿಗೆ ಗೆಳೆಯರೇ ಆಗುತ್ತಾರೆ. ಒಂದೊಂದು ಅಧ್ಯಾಯವೂ ಬಿಡಿ ಕತೆ. ಎಲ್ಲಿಂದ ಬೇಕಾದರೂ ಓದಬಹುದು. ಎಂಟು ವರ್ಷಕ್ಕೆ ಓದಿ ಹೇಳಬೇಕು, ಹನ್ನೊಂದಕ್ಕೆ ತಾನೇ ಓದುತ್ತದೆ. ಬೇಟೆಯ ಪ್ರಸಂಗಗಳು ಬರುತ್ತವೆ. ಅದು ನೋವಾಗುವ ಮಕ್ಕಳಿದ್ದರೆ ಜೊತೆಗೆ ಕೂತು ಓದಿ. ಇದೇ ಜಾಗದಲ್ಲಿ ಕೆಲವರು ಶಿವರಾಮ ಕಾರಂತರ 'ಬಾಲ ಪ್ರಪಂಚ' ಕೇಳುತ್ತಾರೆ. 1930ರ ದಶಕದಲ್ಲಿ ಒಬ್ಬರೇ ಕೂತು ಮಕ್ಕಳಿಗಾಗಿ ಮೂರು ಸಂಪುಟದ ವಿಶ್ವಕೋಶ ಬರೆದದ್ದು ನೆನೆದರೆ ಮೈ ಜುಮ್ಮೆನ್ನುತ್ತದೆ. ಅದನ್ನು ಆ ಪ್ರೀತಿಗಾಗಿ, ಆ ಕನ್ನಡಕ್ಕಾಗಿ ತೆರೆದು ನೋಡಿ. ಮಗುವಿನ ವಿಜ್ಞಾನದ ಪ್ರಶ್ನೆಗೆ ಉತ್ತರ ಬೇಕಿದ್ದರೆ ಮಾತ್ರ ಈಗಿನ ಪುಸ್ತಕವೇ ಆಗಬೇಕು.

ಶಾಲೆ ಅಂದರೆ ಮುಖ ಸಿಂಡರಿಸುವ ಮಕ್ಕಳಿಗೆ 'ತೊತ್ತೊಚಾನ್'. ಜಪಾನಿನ ತೆತ್ಸುಕೊ ಕುರೊಯಾನಗಿ ತಮ್ಮ ಬಾಲ್ಯದ ಬಗ್ಗೆ 1981ರಲ್ಲಿ ಪ್ರಕಟಿಸಿದ ಪುಸ್ತಕ, ಕನ್ನಡದಲ್ಲೂ ಇದೆ. ಒಂದು ಶಾಲೆಯಿಂದ ಹೊರಹಾಕಿಸಿಕೊಂಡ ಪುಟ್ಟ ಹುಡುಗಿ, ರೈಲು ಡಬ್ಬಿಗಳೇ ತರಗತಿಯಾದ ಇನ್ನೊಂದು ಶಾಲೆಗೆ ಸೇರುತ್ತಾಳೆ. ಪುಟ್ಟ ಪುಟ್ಟ ಅಧ್ಯಾಯಗಳು. ಇದನ್ನು ಮಗುವಿಗೆ ಅಂತ ಒಯ್ದ ಅಪ್ಪ ಅಮ್ಮಂದಿರು ತಾವೇ ಓದಿ ತಡವಾಗಿ ತಂದುಕೊಟ್ಟದ್ದು ಎಷ್ಟೋ ಸಲ.

ನಮ್ಮ ಕಡೆಯ ಮಕ್ಕಳಿಗೆ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಕೊಡುವಾಗ ನನ್ನ ದನಿ ಸ್ವಲ್ಪ ಬದಲಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಮೊಮ್ಮಕ್ಕಳು, ಮರಿಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಸಾಗರದಲ್ಲೇ ಬಾಳಿದ ಡಿಸೋಜ ಆ ನೋವನ್ನು ಕಣ್ಣಾರೆ ಕಂಡವರು. ಒಂದು ಹುಡುಗಿ ಈ ಪುಸ್ತಕ ಓದಿ ಮುಗಿಸಿ, "ನಮ್ಮಜ್ಜನ ಮನೆ ನೀರೊಳಗಿದೆಯಂತೆ, ಗೊತ್ತಾ?" ಅಂತ ನನ್ನನ್ನೇ ಕೇಳಿದಳು. ಮನೆಯಲ್ಲಿ ಅದುವರೆಗೆ ಯಾರೂ ಅವಳಿಗೆ ಹೇಳಿರಲಿಲ್ಲ.

ಕನ್ನಡ ಮಾತು ಬರುತ್ತದೆ, ಓದಲು ತಡವರಿಸುತ್ತಾರೆ

ಇಂಗ್ಲಿಷ್ ಮೀಡಿಯಂ ಮಕ್ಕಳು, ಪುಣೆ ಮುಂಬೈಯಿಂದಲೋ ಅಮೆರಿಕದಿಂದಲೋ ರಜೆಗೆ ಬಂದ ಮೊಮ್ಮಕ್ಕಳು. ಇವರ ತೊಡಕು ಒಂದೇ. ಬುದ್ಧಿ ಹನ್ನೆರಡು ವರ್ಷದ್ದು, ಕನ್ನಡದ ಓದು ಆರು ವರ್ಷದ್ದು. ಆರು ವರ್ಷದವರ ಪುಸ್ತಕ ಕೊಟ್ಟರೆ ಅವಮಾನ ಆಗುತ್ತದೆ. ಹನ್ನೆರಡರದು ಕೊಟ್ಟರೆ ಸುಸ್ತಾಗುತ್ತದೆ.

ಇಂಥವರಿಗೆ ಎರಡು ದಾರಿ. ಒಂದು, ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣ. ಮೊಬೈಲಿನಲ್ಲೇ ಉಚಿತವಾಗಿ ಓದಬಹುದು. ಅದೇ ಕತೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಇದ್ದರೆ ಮೊದಲು ಇಂಗ್ಲಿಷಿನಲ್ಲಿ ಓದಿಸಿ, ಆಮೇಲೆ ಕನ್ನಡ. ಕತೆ ಗೊತ್ತಿದ್ದರೆ ಅಕ್ಷರ ಹೆದರಿಸುವುದಿಲ್ಲ. ಎರಡನೆಯದು ನನಗೆ ಹೆಚ್ಚು ಫಲ ಕೊಟ್ಟದ್ದು. ಅಜ್ಜ ಒಂದು ಪುಟ ಓದುವುದು, ಮೊಮ್ಮಗ ಒಂದು ಪ್ಯಾರಾ ಓದುವುದು. 'ಪರಿಸರದ ಕತೆ'ಯನ್ನೇ ಹೀಗೆ ಒಂದು ಬೇಸಿಗೆಯಲ್ಲಿ ಮುಗಿಸಿದ ಮನೆ ನನಗೆ ಗೊತ್ತು. ಮೊಬೈಲಿಗೆ ಖರ್ಚಿಲ್ಲ, ಆದರೆ ಗಮನ ಬೇಗ ಬೇರೆ ಕಡೆ ಓಡುತ್ತದೆ. ಅಜ್ಜನಿಗೆ ತಾಳ್ಮೆ ಬೇಕು, ಆದರೆ ಭಾಷೆ ಒಳಗೆ ಇಳಿಯುತ್ತದೆ. ರಜೆ ಒಂದೇ ವಾರ ಇದ್ದರೆ ಮೊದಲನೆಯದು, ಒಂದು ತಿಂಗಳಿದ್ದರೆ ಎರಡನೆಯದು.

ಹೈಸ್ಕೂಲು, ಪಿಯುಸಿ ಮಕ್ಕಳು

ಇವರು ಕೌಂಟರಿಗೆ ಬಂದು ಕೇಳುವುದೇ ಅಪರೂಪ. ಸುಮ್ನೆ ಕಪಾಟಿನ ಹತ್ತಿರ ನಿಂತಿರುತ್ತಾರೆ. ನಾನು ಮೂರು ಪುಸ್ತಕ ಮೇಜಿನ ಮೇಲಿಟ್ಟು, "ಮೊದಲ ಹತ್ತು ಪುಟ ಇಲ್ಲೇ ಕೂತು ಓದು, ಹಿಡಿಸಿದ್ದನ್ನು ಒಯ್ಯಿ" ಅನ್ನುತ್ತೇನೆ.

ಒಂದು ತೇಜಸ್ವಿಯವರ 'ಕರ್ವಾಲೊ'. 1980ರ ಕಾದಂಬರಿ, ಇವತ್ತು ಬರೆದ ಹಾಗಿದೆ. ಮೂಡಿಗೆರೆ ಸೀಮೆಯ ರೈತ ಕತೆ ಹೇಳುತ್ತಾನೆ. ಒಬ್ಬ ವಿಜ್ಞಾನಿ, ಊರವರು ದಡ್ಡ ಅಂದುಕೊಂಡ ಮಂದಣ್ಣ, ಕಾಡಿನಲ್ಲೊಂದು ಹಾರುವ ಓತಿ. ನಗು ಇದೆ, ಹುಡುಕಾಟ ಇದೆ, ಭಾಷೆ ಸಲೀಸು. ಎರಡನೆಯದು ನೇಮಿಚಂದ್ರರ 'ಯಾದ್ ವಶೇಮ್'. ಹಿಟ್ಲರನ ಕಾಲದಲ್ಲಿ ಬೆಂಗಳೂರಿಗೆ ಬಂದು ಉಳಿದ ಯಹೂದಿ ಹುಡುಗಿ, ವರ್ಷಗಳ ಮೇಲೆ ತನ್ನವರನ್ನು ಹುಡುಕಿ ಹೊರಡುವ ಕತೆ. ಚರಿತ್ರೆ ಪಾಠದಲ್ಲಿ ನಾಲ್ಕು ಸಾಲು ಓದಿದ್ದು ಇಲ್ಲಿ ಎದೆಗೆ ತಾಗುತ್ತದೆ. ಉದ್ದ ಜಾಸ್ತಿ, ದುಃಖವೂ ಜಾಸ್ತಿ. ಪರೀಕ್ಷೆ ಹತ್ತಿರ ಇದ್ದಾಗ ಕೊಡುವುದಿಲ್ಲ. ಮೂರನೆಯದು ಸಿದ್ದಲಿಂಗಯ್ಯನವರ ಆತ್ಮಕತೆ 'ಊರುಕೇರಿ'. ಬಡತನ, ಜಾತಿಯ ಅವಮಾನ ಎರಡನ್ನೂ ನಗಿಸುತ್ತಲೇ ಹೇಳುತ್ತಾರೆ. ನಕ್ಕು ಮುಗಿಸಿದ ಮೇಲೆ ಗಂಟಲು ಕಟ್ಟುತ್ತದೆ.

ಓದಿನ ಅಭ್ಯಾಸ ಇಲ್ಲದವರಿಗೆ 'ಕರ್ವಾಲೊ'. ಇತಿಹಾಸ, ಯುದ್ಧದ ಸಿನಿಮಾ ನೋಡುವವರಿಗೆ 'ಯಾದ್ ವಶೇಮ್'. ಕಾದಂಬರಿ ಬೇಡ, ನಿಜವಾದದ್ದು ಬೇಕು ಅನ್ನುವವರಿಗೆ 'ಊರುಕೇರಿ'. ಮೂರೂ ಒಳ್ಳೆಯವೇ, ಕೊಡುವ ಕ್ರಮ ಮಾತ್ರ ಮುಖ್ಯ. ಮೊದಲು ಗೆಲುವು ಸಿಗಬೇಕು, ಭಾರ ಆಮೇಲೆ.

ಓದು ಬಿಟ್ಟು ಎಷ್ಟೋ ವರ್ಷವಾದ ದೊಡ್ಡವರು

ನಮ್ಮ ಊರಿನಲ್ಲಿ ಟೈಲರಿಂಗ್ ಮಾಡುವ ಅಕ್ಕ ಒಬ್ಬರು ಇದ್ದಾರೆ. ಮದುವೆಗೆ ಮೊದಲು ತ್ರಿವೇಣಿ, ಎಂ.ಕೆ. ಇಂದಿರಾ ಎಲ್ಲ ಓದಿದ್ದರಂತೆ. ಇಪ್ಪತ್ತು ವರ್ಷ ಪುಸ್ತಕ ಮುಟ್ಟಿರಲಿಲ್ಲ. ಒಂದು ದಿನ ಮಗಳ ಕಾರ್ಡು ಹಿಡಿದು ಬಂದರು. "ಅರ್ಧಕ್ಕೆ ಬಿಡೋ ಹಾಗೆ ಆಗ್ಬಾರ್ದು ನೋಡಿ, ಅಂಥದ್ದು ಕೊಡಿ" ಅಂದರು. ಈ ಮಾತಿನಲ್ಲಿ ಎಲ್ಲ ಇದೆ. ಮರಳಿ ಓದಲು ಬಂದವರಿಗೆ ದೊಡ್ಡ ಹೆದರಿಕೆ ಅದೇ, ಮುಗಿಸಲಾರೆ ಅಂತ.

ಹಾಗಾಗಿ ಇಲ್ಲಿ ನಾನು ತೆಳು ಪುಸ್ತಕಗಳನ್ನೇ ಹೋಲಿಸುತ್ತೇನೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಎರಡು ರಾತ್ರಿಗೆ ಮುಗಿಯುತ್ತದೆ. ಬೆಂಗಳೂರಿನ ಒಂದು ಮನೆಗೆ ಮಸಾಲೆ ಪುಡಿಯ ವ್ಯಾಪಾರದಿಂದ ದುಡ್ಡು ಬರುತ್ತದೆ. ದುಡ್ಡಿನ ಜೊತೆ ಮನೆಯವರು ಬದಲಾಗುತ್ತಾರೆ. ಭಾಷೆ ಇವತ್ತಿನದು. ಆದರೆ ಕೊನೆಯನ್ನು ಬಿಡಿಸಿ ಹೇಳುವುದಿಲ್ಲ. ಕತೆ ಪೂರ್ತಿ ಮುಗಿಯಬೇಕು ಅನ್ನುವವರಿಗೆ ಕಸಿವಿಸಿ ಆಗುತ್ತದೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಬಾಲವಿಧವೆಯೊಬ್ಬಳ ಇಡೀ ಬದುಕು. ಅಜ್ಜಿ ಜಗಲಿಯಲ್ಲಿ ಕೂತು ಹೇಳಿದ ಹಾಗೆ ಸಾಗುತ್ತದೆ. ಮಲೆನಾಡಿನವರಿಗೆ ಅಡಿಗೆಮನೆ, ಬಚ್ಚಲು, ಅಂಗಳ ಎಲ್ಲ ಪರಿಚಯದ್ದೇ. ಕಾರಂತರ 'ಬೆಟ್ಟದ ಜೀವ' ಮೂರನೆಯದು. ಸುಬ್ರಹ್ಮಣ್ಯದ ಹತ್ತಿರದ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ, ಗೋಪಾಲಯ್ಯ ಶಂಕರಮ್ಮ ಅನ್ನುವ ವಯಸ್ಸಾದ ಗಂಡ ಹೆಂಡತಿಯ ಮನೆ ಸೇರುತ್ತಾನೆ. ಓಡಿಹೋದ ಮಗನಿಗಾಗಿ ಆ ತಾಯಿ ತಂದೆ ಕಾಯುತ್ತಿದ್ದಾರೆ. ಇದರಲ್ಲಿ ಘಟನೆಗಳ ಓಟ ಇಲ್ಲ. ಮಳೆ ಬಿದ್ದ ಹಾಗೆ ನಿಧಾನ. ಮಕ್ಕಳು ಊರು ಬಿಟ್ಟು ಹೋದ ಮನೆಗಳವರು ಇದನ್ನು ಓದಿ ಬಹಳ ಹೊತ್ತು ಮಾತಾಡಿ ಹೋಗುತ್ತಾರೆ.

ಆ ಅಕ್ಕನಿಗೆ 'ಫಣಿಯಮ್ಮ' ಕೊಟ್ಟೆ. ಹಳೆಯ ಪರಿಚಯದ ದನಿ ಮೊದಲು ಸಿಗಲಿ ಅಂತ. ಆಮೇಲೆ 'ಘಾಚರ್ ಘೋಚರ್' ಒಯ್ದರು. ಅದರ ಬಗ್ಗೆ ನನ್ನ ಜೊತೆ ಜಗಳವನ್ನೇ ಆಡಿದರು. ಕೊನೆಗೆ ಏನಾಯಿತು ಅಂತ ನನಗೆ ಗೊತ್ತಿದ್ದೂ ಹೇಳುತ್ತಿಲ್ಲ ಅಂತ ಅವರ ದೂರು.

ಸೀರಿಯಲ್, ಥ್ರಿಲ್ಲರ್ ನೋಡುವವರು ಇವೆಲ್ಲ ನಿಧಾನ ಅಂದರೆ ತೇಜಸ್ವಿಯವರ 'ಜುಗಾರಿ ಕ್ರಾಸ್' ಕೊಡಿ. ಬೇರೆ ಮಾತು ಬೇಡ.

ಕಾದಂಬರಿಯೋ, ಸಣ್ಣಕತೆಯೋ?

ಇಪ್ಪತ್ತು ನಿಮಿಷದ ಓದುಗರಿಗೆ ಸಣ್ಣಕತೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಪ್ರತಿ ಕತೆಯಲ್ಲೂ ಹೊಸ ಜನ, ಹೊಸ ಮನೆ. ದಣಿದ ಮನಸ್ಸಿಗೆ ಪ್ರತಿದಿನ ಹೊಸ ಮನೆಗೆ ಹೋಗುವುದು ಕಷ್ಟ. ಕಾದಂಬರಿಯಲ್ಲಿ ನಿನ್ನೆ ಬಿಟ್ಟ ಮನೆಗೇ ವಾಪಸ್ ಹೋಗುತ್ತೀರಿ. ದಣಿವಿನಲ್ಲಿ ಓದುವವರಿಗೆ ಪುಟ್ಟ ಅಧ್ಯಾಯದ ಕಾದಂಬರಿ, ಬೆಳಿಗ್ಗೆ ಹೊಸ ಮನಸ್ಸಿನಲ್ಲಿ ಓದುವವರಿಗೆ ಸಣ್ಣಕತೆ ಅನ್ನುವುದು ನನ್ನ ಲೆಕ್ಕ.

2025ರ ಮೇ ತಿಂಗಳ ನಂತರ ಬಾನು ಮುಷ್ತಾಕ್ ಅವರ ಕತೆ ಕೇಳಿ ಬರುವವರು ಹೆಚ್ಚಾದರು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಹನ್ನೆರಡು ಕತೆಗಳ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂತಲ್ಲ, ಅದಕ್ಕೆ. ಕೆಲವರು ಇಂಗ್ಲಿಷ್ ಪುಸ್ತಕವನ್ನೇ ಕೇಳುತ್ತಾರೆ. ಕನ್ನಡ ಓದಲು ಬಂದರೆ ದಯವಿಟ್ಟು ಕನ್ನಡದಲ್ಲೇ ಓದಿ. ಆ ಹೆಸರು ಬಂದದ್ದೇ 'ಎದೆಯ ಹಣತೆ' ಕತೆಯಿಂದ. ಹಾಸನದ ಕಡೆಯ ಮುಸ್ಲಿಂ ಹೆಂಗಸರ ಮಾತು, ಉರ್ದು ಬೆರೆತ ಆ ಕನ್ನಡ, ಅದರ ಸಿಟ್ಟು ನೇರವಾಗಿ ತಾಗುತ್ತದೆ. ಇವು ಮನಸ್ಸು ಕಲಕುವ ಕತೆಗಳು, ಒಂದೇ ಸಲ ಕೂತು ನಾಲ್ಕು ಓದಬೇಡಿ. ಹಗುರ ಬೇಕಾದರೆ ಜಯಂತ ಕಾಯ್ಕಿಣಿಯವರ 'ತೂಫಾನ್ ಮೇಲ್'. ಮುಂಬೈಯ ಸಣ್ಣ ಸಣ್ಣ ಜನರ ಕತೆ. ಹಗುರ ಅಂದೆ, ಪೊಳ್ಳು ಅಂತಲ್ಲ. ಆ ಊರಿನಲ್ಲಿ ಕೆಲಸ ಮಾಡಿ ಬಂದ ನಮ್ಮ ಕಡೆಯ ಹೋಟೆಲ್ ಜನ ಇದನ್ನು ಬಿಡದೇ ಓದುತ್ತಾರೆ.

ಒಂದು ದೊಡ್ಡದನ್ನು ಓದಬೇಕು ಅನ್ನುವವರಿಗೆ

ನಿವೃತ್ತಿಯಾದವರು, ಕಾಲು ಮುರಿದು ಮನೆಯಲ್ಲಿ ಕೂತವರು, ಮಳೆಗಾಲಕ್ಕೆ ಒಂದು ಸಾಕು ಅನ್ನುವವರು ದಪ್ಪ ಪುಸ್ತಕ ಕೇಳುತ್ತಾರೆ. ಪೈಪೋಟಿ ಹೆಚ್ಚಾಗಿ ಮೂರರ ನಡುವೆ.

ಭೈರಪ್ಪನವರ 'ಪರ್ವ' 1979ರದು. ಮಹಾಭಾರತ ಗೊತ್ತಿರುವುದರಿಂದ ದಾರಿ ತಪ್ಪುವ ಭಯ ಇಲ್ಲ. ದೇವರು, ಪವಾಡ ಯಾವುದೂ ಇಲ್ಲದೆ ಮನುಷ್ಯರ ಕತೆಯಾಗಿ ಸಾಗುತ್ತದೆ. ಕಥೆಯೇ ಎಳೆದುಕೊಂಡು ಹೋಗುತ್ತದೆ. ಆದರೆ ಮಹಾಭಾರತವನ್ನು ಭಕ್ತಿಯಿಂದ ಓದುವ ಹಿರಿಯರಿಗೆ ಮೊದಲೇ ಹೇಳಿಬಿಡುತ್ತೇನೆ, ಇದು ಆ ದಾರಿಯದಲ್ಲ ಅಂತ. ಅವರಿಗೆ ಎ.ಆರ್. ಕೃಷ್ಣಶಾಸ್ತ್ರಿಗಳ 'ವಚನಭಾರತ' ಸರಿ. ಗದ್ಯದಲ್ಲಿದೆ, ಮೂಲದ ಕತೆ ಹಾಗೇ ಇದೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರದು. ಏಳುನೂರು ಪುಟ ದಾಟುತ್ತದೆ. ಮೊದಲ ನೂರು ಪುಟ ಜನರ ಹೆಸರು, ಮನೆಗಳ ಹೆಸರು ಹಿಡಿಯುವುದೇ ಕೆಲಸ. ಅಲ್ಲೇ ಎಷ್ಟೋ ಜನ ಬಿಟ್ಟಿದ್ದಾರೆ. ನಾನು ಹೇಳುವ ಉಪಾಯ ಇಷ್ಟೇ. ಒಂದು ಚೀಟಿಯಲ್ಲಿ ಯಾವ ಮನೆಯಲ್ಲಿ ಯಾರು ಅಂತ ಬರೆದು ಪುಸ್ತಕದಲ್ಲೇ ಇಟ್ಟುಕೊಳ್ಳಿ. ಗುತ್ತಿ, ತಿಮ್ಮಿ, ಅವರ ನಾಯಿ ಹುಲಿಯ ಮನಸ್ಸಿಗೆ ಬಂದ ಮೇಲೆ ಚೀಟಿ ಬೇಕಾಗುವುದಿಲ್ಲ. ನನ್ನನ್ನು ಕೇಳಿದರೆ ಕನ್ನಡದಲ್ಲಿ ಒಂದೇ ದೊಡ್ಡ ಕಾದಂಬರಿ ಓದುವುದಿದ್ದರೆ ಇದನ್ನೇ ಓದಬೇಕು. ಆದರೆ ಹದಿನೈದು ದಿನದ ಅವಧಿಯಲ್ಲಿ ಮುಗಿಯುವುದಿಲ್ಲ, ನವೀಕರಿಸಲು ಬರಲೇಬೇಕು.

ವಸುಧೇಂದ್ರರ 'ತೇಜೋ ತುಂಗಭದ್ರಾ' 2019ರದು. ಲಿಸ್ಬನ್ನಿನ ತೇಜೋ ನದಿಯಿಂದ ವಿಜಯನಗರದ ತುಂಗಭದ್ರೆಯವರೆಗೆ ಹರಡಿದ ಕತೆ. ಮೂರರಲ್ಲಿ ಬೇಗ ಓದಿಸಿಕೊಳ್ಳುವುದು ಇದೇ. ಹಿಂಸೆಯ ಪ್ರಸಂಗಗಳು ಗಟ್ಟಿಯಾಗಿವೆ, ಮೆತ್ತನೆಯ ಮನಸ್ಸಿನವರಿಗೆ ಎಚ್ಚರ ಹೇಳುತ್ತೇನೆ. ದೊಡ್ಡ ಪುಸ್ತಕ ಓದಿ ಅಭ್ಯಾಸ ಇಲ್ಲದ ಮೂವತ್ತರ ಆಸುಪಾಸಿನವರು ಇದರಿಂದ ಶುರು ಮಾಡಿ, 'ಪರ್ವ'ಕ್ಕೆ ಹೋಗಿ, ಆಮೇಲೆ 'ಮದುಮಗಳು' ಹಿಡಿದರೆ ಮೂರೂ ದಕ್ಕುತ್ತವೆ.

ಕಣ್ಣು ಮಂಜಾದ ಹಿರಿಯರಿಗೆ

ಇಲ್ಲಿ ಲೇಖಕರಿಗಿಂತ ಮೊದಲು ಅಚ್ಚಿನ ಗಾತ್ರ ನೋಡಿ. ಒಂದೇ ಪುಸ್ತಕದ ಹಳೆಯ ಮುದ್ರಣ, ಹೊಸ ಮುದ್ರಣ ಎರಡೂ ಇದ್ದರೆ ಅಕ್ಷರ ಹೋಲಿಸಿ ಒಯ್ಯಿರಿ. ದಪ್ಪ ಪುಸ್ತಕ ಎದೆಯ ಮೇಲಿಟ್ಟು ಓದಲು ಭಾರ, ಕೈ ನೋಯುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಚಿತ್ರಗಳು' ತರದ ಬಿಡಿ ಪ್ರಬಂಧಗಳು ಹಿರಿಯರಿಗೆ ಹಿತ. ಮಕ್ಕಳು ವಿದೇಶದಲ್ಲಿದ್ದರೆ 'ಅಮೆರಿಕದಲ್ಲಿ ಗೊರೂರು' ಕೊಡುತ್ತೇನೆ. ತಾವೇ ಹೋಗಿ ಬಂದ ಹಾಗೆ ಖುಷಿಪಡುತ್ತಾರೆ. ಡಿವಿಜಿಯವರ 'ಕಗ್ಗ' ದಿನಕ್ಕೊಂದು ಪದ್ಯದಂತೆ ಓದುವವರು ಅದನ್ನು ಎರವಲು ಪಡೆಯಬಾರದು, ಸ್ವಂತಕ್ಕೆ ಇಟ್ಟುಕೊಳ್ಳಬೇಕು.

ಕೊಳ್ಳುವುದೋ, ಎರವಲೋ?

ನನ್ನ ನಿಯಮ ಸರಳ. ಮತ್ತೆ ಮತ್ತೆ ತೆರೆಯುವುದನ್ನು ಕೊಳ್ಳಿ, ಒಮ್ಮೆ ಓದುವುದನ್ನು ಎರವಲು ಪಡೆಯಿರಿ. ಮಕ್ಕಳ ಹಾಡಿನ ಪುಸ್ತಕ, 'ಪರಿಸರದ ಕತೆ', 'ಕಗ್ಗ' ಇವು ಮನೆಯಲ್ಲಿರಲಿ. ಚಿಕ್ಕ ಮಕ್ಕಳ ಚಿತ್ರದ ಪುಸ್ತಕ ಮಾತ್ರ ಎರವಲೇ ವಾಸಿ. ಆರು ತಿಂಗಳಲ್ಲಿ ಮಗು ಆ ಹಂತ ದಾಟುತ್ತದೆ. ಕಾದಂಬರಿಗಳನ್ನು ಮೊದಲು ನಮ್ಮಲ್ಲಿ ಓದಿ, ಎರಡನೇ ಸಲ ಓದಬೇಕು ಅನ್ನಿಸಿದರೆ ಕೊಳ್ಳಿ.

ಕೈಯಲ್ಲಿ ದುಡ್ಡೇ ಇಲ್ಲದಿದ್ದರೂ ದಾರಿ ಇದೆ. ಹಳ್ಳಿಯಲ್ಲಿದ್ದರೆ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಮಗುವಿನ ಹೆಸರು ಬರೆಸಿದ್ದೀರಾ ಅಂತ ಇವತ್ತೇ ನೋಡಿ. ಅದೇ ವರ್ಷ ಸರ್ಕಾರದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವೂ ಶುರುವಾಯಿತು, ಮೊಬೈಲಿನಲ್ಲಿ ಓದಬಹುದು. ನಮ್ಮ ಗ್ರಂಥಾಲಯಗಳು ನಡೆಯುವುದೇ ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆಗಿನ ಗ್ರಂಥಾಲಯ ಕರದಿಂದ. ಹಾಗಾಗಿ ಬೇಕಾದ ಪುಸ್ತಕ ಕಪಾಟಿನಲ್ಲಿ ಇಲ್ಲದಿದ್ದರೆ ಸಂಕೋಚ ಪಡದೆ ಕೇಳಿ. ಬೇಡಿಕೆ ಪುಸ್ತಕದಲ್ಲಿ ಬರೆದು ಹೋಗಿ.

ಇಷ್ಟಾಗಿಯೂ ಎರಡರ ನಡುವೆ ತೂಗಾಡುತ್ತಿದ್ದರೆ ಎರಡನ್ನೂ ಒಯ್ಯಿರಿ. ಒಂದು ಖಂಡಿತ ಹಿಡಿಸುವಂಥದ್ದು, ಇನ್ನೊಂದು ಸ್ವಲ್ಪ ಮೇಲಿನದು. ಮೇಲಿನದನ್ನು ಓದದೇ ತಂದರೂ ನಾನು ಏನೂ ಅನ್ನುವುದಿಲ್ಲ. ಎಷ್ಟನೇ ಪುಟದಲ್ಲಿ ಬಿಟ್ಟಿರಿ ಅಂತ ಮಾತ್ರ ಕೇಳುತ್ತೇನೆ. ಮುಂದಿನ ಪುಸ್ತಕ ಹುಡುಕಲು ನನಗೆ ಅದು ಬೇಕು.